ಬಿರಡಿಗಿ ಹಚ್ಚಿದ ವಿಭೂತಿ

ನಮ್ಮತ್ತಿ ಮುಂಜಾನೆ ಲಿಂಗಪೂಜಿ ಮುಗಿಸಿ ಹಣಿಗಿ ವಿಭೂತಿ ಹಚ್ಚಿಕೊಂಡ ಮ್ಯಾಲ, ಬೆರಳಿಗಿ ಉಳಿದದ್ದನ್ನ ತಂಬೂರಿ ಬಿರಡಿಗಿ ಒರಸ್ತಿದ್ಲು. ನಾ ಲಗ್ನ ಆಗಿ ಸರಸಂಬಾಕ್ಕ ಬಂದ ಹೊಸದಾಗ ಇದನ್ನ ನೋಡಿ, ಏನಪಾ ಇದು, ಕಟ್ಟಿಗಿಗೂ ವಿಭೂತಿ ಹಚ್ಚೋ ಭಕ್ತಿ ಅಂತ ಮನಸಿನ್ಯಾಗ ನಕ್ಕಿದ್ದೆ. ಬಾಯಿಬಿಟ್ಟು ನಗೂ ಧೈರ್ಯ ಆವಾಗ ಇರ್ಲಿಲ್ಲ. ಎಪ್ಪತ್ತರ ದಶಕದ ನಡು ಇರಬೇಕು ಅದು. ಕರಜಗಿಯ ಕಬ್ಬಿನ ಹೊಲದಾಗ ಆಡಿ ಬೆಳೆದಾಕಿ ನಾನು. ತಂಬೂರಿ ಅಂದ್ರ ಭಜನಿಯವರು ಹೆಗಲಿಗಿ ಆನಿಸಿಕೊಂಡು ಕೂಡೂ ಸಾಮಾನು ಅಂತಷ್ಟ ಗೊತ್ತಿತ್ತು. ಅದಕ್ಕೂ ದಿನಾ ಆರೈಕಿ ಬೇಕು, ಅದಕ್ಕೂ ಬ್ಯಾಸಗಿ ತಡಿಯಂಗಿಲ್ಲ, ಮಳಿ ತಡಿಯಂಗಿಲ್ಲ ಅಂತ ಯಾರು ಹೇಳಿದ್ರು ನನಗ?

ಮುಂದ ತಿಳೀತು, ಅದು ಬರೇ ಭಕ್ತಿ ಅಲ್ಲ, ಕೆಲಸ. ತಂಬೂರಿಗಿ ನಾಕು ತಂತಿ. ಕೆಳಗ ಒಣಾ ಕುಂಬಳದ ಬುರುಡಿ ಕಡೆ ಕಟ್ಟಿದ ತಂತಿ ಉದ್ದಕ ಮ್ಯಾಲ ಹೋಗಿ, ತಲಿ ಹತ್ರ ಒಂದೊಂದು ಕಟ್ಟಿಗಿ ಬಿರಡಿಗಿ ಸುತ್ತಿಕೊಂಡಿರ್ತದ. ಬಿರಡಿಗಿ ಮೊಳಿ ಇಲ್ಲ, ತಿರುಪು ಇಲ್ಲ, ಕಬ್ಬಿಣ ಅನ್ನೂದ ಇಲ್ಲ. ಕಟ್ಟಿಗಿ ತೂತಿನ್ಯಾಗ ಕಟ್ಟಿಗಿ, ಅಷ್ಟ. ಬುರುಡಿ ಮ್ಯಾಲಿನ ಮಣಿ ಸರಿಸಿದ್ರ ದನಿ ಎಲ್ಲೋ ಕೂದಲಿನಷ್ಟು ಹೆಚ್ಚುಕಡಿಮಿ ಆಗ್ತದ. ಉಳಿದ ಭಾರ ಎಲ್ಲಾ ಬಿರಡೀದ. ಅದು ತಿರುವಿದ್ರ ತಿರುಗಬೇಕು, ಕೈ ಬಿಟ್ರ ನಿಂತಲ್ಲೇ ನಿಂದರಬೇಕು. ಎರಡೂ ಆಗೂದು ಭಾಳ ಕಷ್ಟ. ತಿರುಗೂ ಬಿರಡಿ ನಿಂದರಂಗಿಲ್ಲ, ನಿಂದರೂ ಬಿರಡಿ ತಿರುಗಂಗಿಲ್ಲ. ಅದಕ್ಕ ನಮ್ಮತ್ತಿ ಮೊದಲ ಒಣಾ ಸಾಬೂನು ಒಂದು ಗೆರಿ ಎಳೀತಿದ್ಲು, ಅದು ತಿರುಗಲಿಕ್ಕ. ಅದರ ಮ್ಯಾಲ ವಿಭೂತಿ, ಅದು ನಿಂದರಲಿಕ್ಕ. ಶಹರದಾಗ ಹಾಡವರು ಸಾಲಿ ಮಾಸ್ತರು ಬರಿಯೋ ಖಡು ತಿಕ್ಕತಾರಂತ. ನಮ್ಮ ಮನ್ಯಾಗ ಖಡು ಎಲ್ಲಿಂದ ತರೂದು? ವಿಭೂತಿ ಗಟ್ಟಿ ಅಂತೂ ದೇವರ ಮಾಡದಾಗ ಯಾವಾಗಲೂ ಇರ್ತಿತ್ತು.

"ಬಿರಡಿ ಅಂದ್ರ ಸೊಸಿ ಇದ್ದಂಗ ಬೇ," ಅಂದ್ಲು ಒಂದಿನ ನನ್ನ ಮಾರಿ ನೋಡಕೋತ. "ತಿರುವಿದ್ರ ತಿರುಗಬೇಕು, ಬಿಟ್ರ ಸುಮ್ಮ ನಿಂದರಬೇಕು."

ನನಗ ಸಿಟ್ಟು ಮೂಗಿನ ತುದಿಗೇ ಇರ್ತದ, ಹುಟ್ಟಾ ಸ್ವಭಾವ. "ಹೌದ್ರಿ ಅತ್ತಿ, ಹಂಗಾರ ನನಗೂ ದಿನಾ ಸಾಬೂನು ವಿಭೂತಿ ಹಚ್ಚರಿ. ಒಣಾ ಬಿರಡಿ ಹ್ಯಾಂಗ ತಿರುಗ್ತದ?" ಅಂದ್ಬಿಟ್ಟೆ. ಆಕಿ ತಂಬೂರಿ ತೊಡಿ ಮ್ಯಾಲ ಇಟಗೊಂಡ ನಗಾಕ ಹತ್ತಿದ್ಲು ನೋಡ್ರಿ, ಕಣ್ಣಾಗ ನೀರ ಬರೂತನಕ. ಮರದಿನದಿಂದ ನನ್ನ ಹೆಸರ ಹಿಡಿದು ಕರಿಯೂದ ಬಿಟ್ಟು "ಏ ಕರಜಗಿ" ಅನ್ನಾಕ ಸುರು ಮಾಡಿದ್ಲು. ನಮ್ಮಿಬ್ಬರ ಗೆಳೆತನ ಅವತ್ತ ಹತ್ತಿದ್ದು.

ಆ ತಂಬೂರಿ ಆಕಿ ತವರಿಂದು. ಜೇವರ್ಗಿ ಕಡೆ ಒಂದು ಹಳ್ಯಾಗ ಆಕಿ ಅಪ್ಪ ಒಕ್ಕಲುತನ ಮಾಡ್ಕೋತ ವಚನ, ತತ್ವಪದ ಹಾಡವ. ಮೀರಜಕ್ಕ ಹೋಗಿ ತಂದ ತಂಬೂರಿಯಂತ ಅದು. ಮಗಳು ಒಬ್ಬಾಕೇ. ಗಂಡು ಮಗ ಇಲ್ಲ, ಸೊಸಿ ಇಲ್ಲ. ಆ ಒಬ್ಬ ಮಗಳಿಗೇ ಹಾಡೂದು, ಬಿರಡಿ ತಿರುವೂದು ಎಲ್ಲಾ ಕಲಿಸಿದ್ದ. ಲಗ್ನ ಆಗಿ ಬರೂ ಮುಂದ ಉಳಿದ ಹೆಣ್ಣುಮಕ್ಕಳು ಕೊಡ, ತಾಬಾಣ, ಪೆಟ್ಟಗಿ ತರ್ತಾರ. ನಮ್ಮತ್ತಿ ಕೌದಿಯೊಳಗ ತಂಬೂರಿ ಸುತ್ತಿಕೊಂಡು ಬಂಡ್ಯಾಗ ಕೂತು ಬಂದ್ಲು. ಸರಸಂಬಾದ ಮಂದಿ, "ಜೇವರ್ಗಿಯಾಕಿ ತವರಮನಿಯಿಂದ ಕುಂಬಳಕಾಯಿ ತಂದಾಳ" ಅಂತ ವರ್ಷಗಟ್ಟಲೆ ಚಾಷ್ಟಿ ಮಾಡಿದ್ರಂತ. ಆಕಿ ಅದನ್ನ ಕಿವಿಗಿ ಹಾಕ್ಕೊಳ್ಳಲಿಲ್ಲ.

ಪ್ರತಿ ಅಮಾಸಿಗಿ ದೀಪ ಹಚ್ಚೋ ಹೊತ್ತಿಗಿ ನಮ್ಮ ಪಡಸಾಲ್ಯಾಗ ಹೆಣ್ಣುಮಕ್ಕಳ ಭಜನಿ. ಓಣಿಯವರು ಎಲ್ಲಾ ಬರ್ತಿದ್ರು, ತಾಳ, ದಮಡಿ ಹಿಡಕೊಂಡು. ನಡುವ ನಮ್ಮತ್ತಿ. ಆಕಿ ತಂಬೂರಿ ಭುಜಕ್ಕ ಆನಿಸಿ, ಒಂದೊಂದ ತಂತಿ ಮೀಟಿ, ಬಿರಡಿ ತಿರುವಿ, ಕಣ್ಣ ಮುಚ್ಚಿ ಕೇಳಿ, ಕಡೀಗಿ "ಸೇರ್ತು" ಅನ್ನೂತನಕ ಯಾರೂ ತುಟಿ ಬಿಚ್ಚಂಗಿಲ್ಲ. ನಡುವಿನ ಎರಡು ತಂತಿ ಒಂದ ದನಿ ಆಗಬೇಕು, ಉಳಿದೆರಡು ಅದಕ್ಕ ಹೊಂದಬೇಕು, ಅವಾಗ "ಸೇರ್ತು". ಅಷ್ಟೊತ್ತಿಗಿ ಚುರುಮುರಿ ಬುಟ್ಟಿ ಮುಂದ ಕೂತ ಹುಡುಗರು ಆಕಳಿಸ್ತಿದ್ದವು.

ಇದರಾಗ ಆಕಿ ಅಪ್ಪ ಹಾಕಿಕೊಟ್ಟ ಒಂದು ರಿವಾಜು ಇತ್ತು. ತಂಬೂರಿ ಯಾರು ಸೇರಿಸ್ತಾರೋ ಅವರೇ ಮೊದಲ ಪದ ಎತ್ತಬೇಕು. ಬ್ಯಾರೇಯವರು ಸೇರಿಸಿಕೊಟ್ಟ ತಂಬೂರಿ ಹಿಡಕೊಂಡು ಹಾಡಬಾರದು. ಬಿರಡಿ ತಿರುವೂ ಶಕ್ತಿ ಹೋದ ದಿನ ತಂಬೂರಿ ಕೆಳಗ ಇಡಬೇಕು, ಹಾಡೂದೂ ಬಿಡಬೇಕು. ಆತ ಹಂಗ ಮಾಡಿದ. ಕೈ ನಡುಗಾಕ ಹತ್ತಿದ ವರ್ಷ ಮಗಳ ಲಗ್ನ ಮಾಡಿ, ತಂಬೂರಿ ಆಕಿ ಉಡ್ಯಾಗ ಹಾಕಿ, ಅವತ್ತಿಂದ ಒಂದು ಸಾಲೂ ಹಾಡ್ಲಿಲ್ಲಂತ. ನಮ್ಮತ್ತಿ ತವರಿಗಿ ಹೋದಾಗ ಕಟ್ಟಿ ಮ್ಯಾಲ ಗ್ವಾಡಿಗಿ ಆತು ಸುಮ್ಮ ಕೂತಿರ್ತಿದ್ದನಂತ. "ಅಪ್ಪಾ, ಒಂದ ಪದ ಅನ್ನು" ಅಂದ್ರ ತಲಿ ಅಲ್ಲಾಡಿಸ್ತಿದ್ದನಂತ. ಇದನ್ನ ಹೇಳೂ ಮುಂದ ನಮ್ಮತ್ತಿ ದನಿ ಸಣ್ಣ ಆಗ್ತಿತ್ತು. ನಾನೇ ಆತನ ಹಾಡು ಬಂಡ್ಯಾಗ ಹಾಕ್ಕೊಂಡು ಬಂದೆ ಬೇ, ಅಂತಿದ್ಲು.

ನನಗೂ ಹಾಡಿಗೂ ಏನೂ ಸಂಬಂಧ ಇರ್ಲಿಲ್ಲ. ನಾ ಜೋಗುಳ ಹಾಡಿದ್ರ ಮಲಗಿದ ಕೂಸು ಏಳ್ತಿತ್ತು. ಭಜನ್ಯಾಗ ನಂದು ಚಹಾ ಕಾಸೂದು, ಚುರುಮುರಿ ಕಲಸೂದು, ಹಿಂದ ಕೂತು ತಾಳ ತಪ್ಪಿಸೂದು. ಆದ್ರ ತಂಬೂರಿ ಸಂಸಾರ ಮಾತ್ರ ಮೆಲ್ಲಮೆಲ್ಲಕ ನನ್ನ ಕೈಗಿ ಬಂತು. ಚೈತ್ರ ದಾಟಿ ನಮ್ಮ ಕಡೆ ಬಿಸಲು ಬಿದ್ದಂದ್ರ ಕಟ್ಟಿಗಿ ಒಣಗಿ ಬಿರಡಿ ಸಣ್ಣ ಆಗ್ತದ, ತಂತಿ ಜರ್ರ್ ಅಂತ ಇಳಿದುಬಿಡ್ತದ. ಅವಾಗ ತಂಬೂರಿ ನೀರಿನ ಕೊಡ ಇಡೂ ಕ್ವಾಣ್ಯಾಗ, ತಂಪಿನ್ಯಾಗ. ಮಳಿ ಹತ್ತಿದ್ರ ಬಿರಡಿ ಉಬ್ಬಿ ಕಚ್ಚಿಕೊಂಡು ಕೂಡ್ತದ, ಅವಾಗ ಅಡಗಿಮನಿ ಗ್ವಾಡಿಗಿ, ಒಲಿಯಿಂದ ದೂರ, ಬೆಚ್ಚನ ಜಾಗದಾಗ. ಚಳಿಗಾಲದಾಗ ಪಡಸಾಲ್ಯಾಗ. "ಇದೇನ್ರಿ, ತಹಶೀಲದಾರ ಇದ್ದಂಗ ವರ್ಷಾ ಬದಲಿ ಆಗ್ತದ" ಅಂತಿದ್ದೆ ನಾನು. ತಂತಿ ಸುತ್ತೂ ರೀತಿನೂ ಹೇಳಿಕೊಟ್ಟಿದ್ಲು. ಬಿರಡಿ ತೂತಿನ ಕಡೆ ಸರಿಸಿ ಸುತ್ತಿದ್ರ ತಂತಿಯೇ ಬಿರಡೀನ ಒಳಗ ಎಳಕೊಂತದ, ಹೊರಗ ಸುತ್ತಿದ್ರ ಬಿರಡಿ ಜಾರಿ ಬರ್ತದ. ತಿರುವೂ ಮುಂದ ಬರೇ ತಿರುವಬಾರದು, ಒಳಗ ಒತ್ತಿ ತಿರುವಬೇಕು. ಭಜನಿ ಮುಗಿದ ಮ್ಯಾಲ ತುಸು ಸಡ್ಲ ಮಾಡಿ ಮಲಗಿಸಬೇಕು. ಇಷ್ಟೆಲ್ಲಾ ಕೂಸಿಗೂ ಮಾಡ್ಲಿಲ್ಲ ನಾವು.

ಎಂಬತ್ತರ ದಶಕ ಸುರು ಆದ ಮ್ಯಾಲ ಒಂದು ಮಳಿಗಾಲದಾಗ ನಮ್ಮತ್ತಿ ಬಿರಡಿ ಮ್ಯಾಲ ಸಿಟ್ಟಾಗಾಕ ಹತ್ತಿದ್ಲು. ಈ ಸಲ ಯಾಕೋ ಭಾಳ ಬಿಗಿ ಆಗ್ಯಾವ, ತಿರುಗವಲ್ಲವು ಅಂತ. ಸಾಬೂನು ಹೆಚ್ಚ ಹಚ್ಚಿದ್ಲು, ವಿಭೂತಿ ಕಡಿಮಿ ಮಾಡಿದ್ಲು. ತಂಬೂರಿನ ಒಲಿ ಹತ್ರ ಸರಿಸಿದ್ಲು, ಮತ್ತ ದೂರ ಸರಿಸಿದ್ಲು. ದಿನಾ ಮುಂಜಾನೆ ಹಲ್ಲು ಕಚ್ಚಿ ತಿರುವಾಕಿ, ಕಡೀಗಿ "ಥೂ ನಿನ್ನ" ಅಂತ ಕೈ ಝಾಡಿಸಿ ಏಳಾಕಿ. ಊಟಕ್ಕ ಕೂತಾಗೂ ಅದ ಮಾತು, ರೊಟ್ಟಿ ಬಡಿಯೂ ಮುಂದೂ ಅದ ಮಾತು. ನನಗ ತಲಿ ಚಿಟ್ಟ ಹಿಡೀತು. ನಮ್ಮ ಮನಿಯವರು ಮೂಲ್ಯಾಗ ಕೂತು ಎತ್ತಿನ ಹಗ್ಗ ಹೊಸೀಕೋತ ಎಲ್ಲಾ ಕೇಳ್ತಿದ್ರು. ಅವರು ಮಾತು ಕಡಿಮಿ ಮನಷ್ಯಾ. ಅವ್ವ ಅಂದ್ರ ಭಾಳ ಜೀವ. ಮಾತು ಕಡಿಮಿ ಇದ್ದವರು ಏನು ವಿಚಾರ ಮಾಡಾಕತ್ತಾರ ಅನ್ನೂದು ಮೊದಲ ತಿಳಿಯಂಗಿಲ್ಲ ನೋಡ್ರಿ, ಅದ ತ್ರಾಸು.

ಶ್ರಾವಣ ಅಮಾಸಿಗಿ ಇನ್ನ ಹತ್ತು ದಿನ ಇತ್ತು. ನಮ್ಮತ್ತಿ, ನಾನು ಘತ್ತರಗಿ ಭಾಗ್ಯವಂತಿಗಿ ಉಡಿ ತುಂಬಾಕ ಹೋದ್ವಿ. ಭೀಮಾ ಹೊಳಿ ತುಂಬಿ ಕೆಂಪಗ ಹರೀತಿತ್ತು. ಅಲ್ಲಿಂದ ನನ್ನ ತವರು ಹತ್ರ, ಕರಜಗ್ಯಾಗ ಒಂದಿನ ನಿಂತು, ನಮ್ಮವ್ವ ಕೊಟ್ಟ ಬೆಲ್ಲ ಕಟಗೊಂಡು, ಬಸ್ಸಿನ್ಯಾಗ ನಿಂತ ಕಾಲು ನಿಂತಂಗ ಬಂದ್ವಿ. ಮನಿಗಿ ಬಂದ್ರ ನಮ್ಮ ಮನಿಯವರ ಮಾರಿ ಮ್ಯಾಲ ಹಬ್ಬ. ಕೈಯಾಗ ನೀರಿನ ತಂಬಗಿ ಹಿಡಕೊಂಡು ಬಾಗಲಕ್ಕ ಬಂದಾರ, ಹಂಗ ಎಂದೂ ಬಂದವರಲ್ಲ.

"ಅವ್ವಾ, ನಿನ್ನ ಬಿರಡಿ ಸುದ್ದ ಮಾಡೇನಿ ನೋಡು," ಅಂದ್ರು. "ಈಗ ಬೆರಳ ಹಚ್ಚಿದ್ರ ಸಾಕು, ತಿರುಗ್ತಾವ."

ನಮ್ಮತ್ತಿ ಚಪ್ಪಲಿ ಬಿಡೂದ್ರಾಗ ನಿಂತ್ಲು. "ಏನ್ ಮಾಡೀಯೋ?"

"ಕೀಲೆಣ್ಣಿ ಬಿಟ್ಟೇನಿ. ಎಂಟು ಚೀಲ ಜ್ವಾಳ ಹೇರಿದ ಬಂಡಿ ಗಾಲಿನ ತಿರುಗ್ತದ, ಈ ಬೆರಳಷ್ಟ ಕಟ್ಟಿಗಿ ತಿರುಗಂಗಿಲ್ಲೇನು?"

ಯಪ್ಪಾ! ಕೀಲೆಣ್ಣಿ ಅಂದ್ರ ಬಂಡಿ ಅಚ್ಚಿಗಿ ಬಿಡೂ ಔಡಲೆಣ್ಣಿ, ಮಸಿ ಕಲಸಿದ್ದು. ಬಂಡಿ ಬಾಜೂಕ ಬಿದರಿನ ಗೊಟ್ಟದಾಗ ತೂಗಿ ಬಿಟ್ಟಿರ್ತಾರಲ್ಲ, ಅದ. ನಾಕೂ ಬಿರಡಿ ತೆಗೆದು, ತೂತಿನ್ಯಾಗ ಕೋಳಿ ಪುಚ್ಚದಿಂದ ಎಣ್ಣಿ ಸವರಿ, ಮತ್ತ ಬಿರಡಿ ಏರಿಸಿ, ಒರಸಿ, ತಮ್ಮ ಲೆಕ್ಕದಾಗ ಭಾಳ ಚೊಕ್ಕ ಕೆಲಸ ಮಾಡಿದ್ರು. ಬಿರಡಿ ತಿರುಗಿದ್ವು, ಇಲ್ಲ ಅನ್ನಂಗಿಲ್ಲ. ತಿರುಗಿದವು ನಿಂದರಲಿಲ್ಲ. ನಮ್ಮತ್ತಿ ಒಂದು ತಂತಿ ಏರಿಸಿ ಕೈ ಬಿಟ್ಟ ಕೂಡ್ಲೆ ಬಿರಡಿ ಗಿರ್ರ್ ಅಂತ ಹಿಂದಕ ತಿರುಗಿ ತಂತಿ ಬುರುಡಿ ಮ್ಯಾಲ ಸಡ್ಲಾಗಿ ಬಿತ್ತು. ಎರಡನೇದ್ದೂ ಹಂಗ. ಕರೀ ಎಣ್ಣಿ ಆಕಿ ಬೆರಳಿಗಿ ಹತ್ತಿತ್ತು.

"ಏ ಹುಚ್ಚಪ್ಯಾಲಿ!" ಅಂತ ಒದರಿದ್ಲು ನೋಡ್ರಿ, ಓಣಿ ಕಡೀ ಮನಿತನಕ ಕೇಳಿರಬೇಕು. "ಇದೇನ ಬಂಡಿಯೇನೋ? ಇದಕ್ಕ ಎತ್ತು ಹೂಡ್ತೀಯೇನು? ನಮ್ಮಪ್ಪನ ತಂಬೂರಿಗಿ ಕೀಲೆಣ್ಣಿ ಬಿಟ್ಟ್ಯಲ್ಲೋ!" ಆಮ್ಯಾಲ ಕಂಬಕ್ಕ ಆತು ಕೂತು ಅಳಾಕ ಹತ್ತಿದ್ಲು. ನಮ್ಮ ಮನಿಯವರು ತಂಬಗಿ ಹಿಡಕೊಂಡ ನಿಂತಾರ. ಅಷ್ಟು ದೊಡ್ಡ ಗಂಡಸು, ಅವರ ಕಣ್ಣಾಗೂ ನೀರ ಬಂತು. ನನಗ ಒಂದು ಕಡೆ ನಗು, ಒಂದು ಕಡೆ ಅಳು. "ನೀವು ಹೊಲಕ್ಕ ಹೋಗ್ರಿ ಮೊದಲ," ಅಂದೆ ಅವರಿಗಿ. ಪಾಪ, ಮಳ್ಯಾಗ ಕೊಡಿ ಸುದ್ದಾ ಇಲ್ದ ಹೋದ್ರು.

ಎಣ್ಣಿ ಕುಡಿದ ಕಟ್ಟಿಗಿಯಿಂದ ಎಣ್ಣಿ ಹೊರಗ ತೆಗಿಯೂದು ಹ್ಯಾಂಗ? ನಮ್ಮತ್ತಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಹಪ್ಪಳ ಕರಿಯೂ ಮುಂದ ಎಣ್ಣಿ ಚೆಲ್ಲಿದ್ರ ನಾವು ಅದರ ಮ್ಯಾಲ ಜ್ವಾಳದ ಹಿಟ್ಟು ಸುರೀತಿದ್ವಿ. ಅದ ನೆನಪಾತು. ಹೆಂಚಿನ ಮ್ಯಾಲ ಹಿಟ್ಟು ಬೆಚ್ಚಗ ಮಾಡಿ, ಬಿರಡಿ ಕಿತ್ತು ಅದರಾಗ ಹುಗಿದಿಟ್ವಿ. ತೂತಿನೊಳಗ ಹಳೇ ಧೋತರದ ಅರಬಿ ಸುತ್ತಿ ಹಿಟ್ಟು ತುಂಬಿದ್ವಿ. ಮುಂಜಾನೆ ನೋಡಿದ್ರ ಹಿಟ್ಟು ಕರ್ರಗ. ಅದನ್ನ ತೆಗದು ಮತ್ತ ಹೊಸ ಹಿಟ್ಟು. ಹೊರಗ ಜಡಿಮಳಿ, ಬಿಸಲಿನ ಸುದ್ದಿನ ಇಲ್ಲ. ಒಲಿ ಮುಂದ ಇಬ್ರೂ ಕೂತು ಕೂಸಿನ ಕಿವಿ ಸ್ವಚ್ಛ ಮಾಡಿದಂಗ ಮಾಡಿದ್ವಿ. ಆ ವಾರ ನಮ್ಮತ್ತಿ ತನ್ನ ಅಪ್ಪನ ಸುದ್ದಿ ಎಷ್ಟು ಹೇಳಿದ್ಲೋ. ಆತ ಬಿರಡಿ ತಿರುವೂ ಮುಂದ ನಾಲಿಗಿ ಹೊರಗ ಚಾಚತಿದ್ದ ಅನ್ನೂದೂ ಹೇಳಿ ನಕ್ಕಳು. ಅಮಾಸಿ ಮುಂಚಿನ ದಿನ ಹಿಟ್ಟು ಬೆಳ್ಳಗ ಉಳೀತು. ಇಬ್ರೂ ಮಾರಿ ಮಾರಿ ನೋಡಿಕೊಂಡ್ವಿ.

ಬಿರಡಿ ಏರಿಸಿ, ಸಾಬೂನು ಎಳೆದು, ವಿಭೂತಿ ತಿಕ್ಕಿ ತಂತಿ ಸುತ್ತಿದ್ವಿ. ನಮ್ಮತ್ತಿ ತಂಬೂರಿ ತಗೊಂಡು ತಿರುವಿದ್ಲು. ತಿರುಗ್ಲಿಲ್ಲ. ಮತ್ತ ತಿರುವಿದ್ಲು. "ನೋಡ ಬೇ, ಮತ್ತ ಅದ ಬಿಗಿ," ಅಂದ್ಲು.

"ಕೊಡ್ರಿ ಇಲ್ಲಿ," ಅಂತ ನಾ ಬಿರಡಿ ಹಿಡದೆ. ಎರಡ ಬೆರಳಿಗಿ ತಿರುಗ್ತು. ಹಗೂರಕ, ಬೆಣ್ಣ್ಯಾಗ ಬೆರಳ ಆಡಿಸಿದಂಗ. ಕೈ ಬಿಟ್ಟೆ, ನಿಂತಲ್ಲೇ ನಿಂತಿತು. ಒಂದಲ್ಲ, ನಾಕೂ ಹಂಗ.

ಆಕಿ ಕೈ ನೋಡಿದೆ. ಬೆರಳ ಗೆಣ್ಣು ಬಾತು ಶುಂಠಿ ಬೇರ ಆದಂಗ ಆಗಿದ್ವು. ದಿನಾ ಆಕಿ ಜೋಡಿ ರೊಟ್ಟಿ ಬಡೀತಿದ್ದೆ, ಒಂದ ತಾಟಿನ್ಯಾಗ ಉಣ್ತಿದ್ದೆ, ಕಣ್ಣಿಗಿ ಬಿದ್ದಿರ್ಲಿಲ್ಲ. ಬಿರಡಿ ಮೊದಲೂ ಬಿಗಿ ಇರ್ಲಿಲ್ಲ. ಆಕಿ ಬೆರಳಿನ ಕಸುವು ಹೋಗಿತ್ತು. ಅದು ಆಕಿಗೂ ಆಗಲೇ ತಿಳೀತು. ತಂಬೂರಿನ ಮೆಲ್ಲಕ ಚಾಪಿ ಮ್ಯಾಲ ಮಲಗಿಸಿ, ಕೌದಿ ತಗೊಂಡು ಬಾ ಅಂದ್ಲು.

"ಕೌದಿ ಯಾಕ್ರಿ?"

"ಸುತ್ತಿ ಇಡೂನು. ನಮ್ಮಪ್ಪ ಇಟ್ಟಂಗ ನಾನೂ ಇಡ್ತೇನಿ. ನಾಳೆ ಭಜನಿ ಬ್ಯಾರೇ ಯಾರರೆ ನಡಸ್ಲಿ."

ನನಗ ಎಲ್ಲಿತ್ತೋ ಸಿಟ್ಟು. ಒಂದು ವಾರ ಒಲಿ ಮುಂದ ಹೊಗಿ ಕುಡಿದು, ಹಿಟ್ಟು ಬದಲಿ ಮಾಡಿ ಮಾಡಿ ಕೈ ಸವದು, ಈಗ ಕೌದಿ ಸುತ್ತೂದಂತ! ಮತ್ತ ಅದಕ್ಕಿಂತ ಹೆಚ್ಚ, ಈಕಿ ಕಟ್ಟಿ ಮ್ಯಾಲ ಗ್ವಾಡಿಗಿ ಆತು ಬಾಯಿ ಮುಚ್ಚಿಕೊಂಡು ಕೂತದ್ದು ಕಣ್ಣ ಮುಂದ ಬಂತು. ನನಗ ಅದನ್ನ ತಡಕೊಳ್ಳಾಕ ಆಗ್ಲಿಲ್ಲ. "ಕೌದಿ ಎಲ್ಲ ಒಗಿಯಾಕ ಹಾಕೇನ್ರಿ," ಅಂದೆ. "ನೀವು ಕೇಳ್ರಿ, ನಾ ತಿರುವುತೇನಿ. ಏರು ಅಂದ್ರ ಏರಸ್ತೇನಿ, ಇಳಿ ಅಂದ್ರ ಇಳಸ್ತೇನಿ."

"ನಿನಗ ಸ್ವರ ಎಲ್ಲಿ ಗೊತ್ತದ ಬೇ?"

"ಬಿರಡಿಗಿ ಗೊತ್ತದ ಏನ್ರಿ? ಅದೂ ನಿಮ್ಮ ಮಾತ ಕೇಳಿ ತಿರುಗ್ತದ, ನಾನೂ ನಿಮ್ಮ ಮಾತ ಕೇಳಿ ತಿರುಗ್ತೇನಿ."

"ಬ್ಯಾರೇಯವರು ಸೇರಿಸಿದ್ದನ್ನ ಹಿಡದು ಹಾಡಬಾರದು. ನಮ್ಮಪ್ಪ..."

"ನಿಮ್ಮಪ್ಪಗ ಸೊಸಿ ಇರ್ಲಿಲ್ಲ, ಅದಕ್ಕ ಕೆಳಗ ಇಟ್ಟ! ನಿಮಗ ನಾ ಇದ್ದೇನಿ. ನಾ ಬ್ಯಾರೇಯಾಕಿ ಏನ್ರಿ?"

ಇಷ್ಟು ಒದರಿ ಒಳಗ ಹೋಗಿ ಪಾತ್ರಿ ಕುಕ್ಕಿದೆ. ಆಮ್ಯಾಲ ಹೊರಗ ಟುಂಯ್ ಅಂತ ಒಂದು ತಂತಿ ಮೀಟಿದ್ದು ಕೇಳ್ತು. "ಏ ಕರಜಗಿ," ಅಂದ್ಲು, "ಬಾ ಇಲ್ಲಿ. ತುಸು ಏರಸು."

ಮರದಿನ ಅಮಾಸಿ. ಪಡಸಾಲಿ ತುಂಬಿತ್ತು. ನಮ್ಮತ್ತಿ ಒಂದು ಹಿಕಮತ್ತು ಮಾಡಿದ್ಲು. ನನ್ನ ಬಾಜೂಕ ಕೂಡಿಸಿಕೊಂಡು, ನಾ ಬಿರಡಿ ಹಿಡದ ಮ್ಯಾಲ ನನ್ನ ಕೈ ಮ್ಯಾಲ ತನ್ನ ಕೈ ಇಟ್ಲು. ಒಳಗ ನನ್ನ ಕೈ, ಮ್ಯಾಲ ಆಕಿದು. ಬಾಯಿಲೆ ಏನೂ ಹೇಳ್ಲಿಲ್ಲ. ಏರಸೂದಿದ್ರ ಅಂಗೈ ತುಸು ಮುಂದ ಒತ್ತತಿದ್ಲು, ಇಳಸೂದಿದ್ರ ಹಿಂದ, ಸಾಕಾದ್ರ ಬೆರಳ ಎತ್ತತಿದ್ಲು. ಆಕಿ ಕೈ ಬಿರಡಿ ಮ್ಯಾಲ ಇತ್ತು ಅಂದಂಗಾತು, ಅಪ್ಪನ ಮಾತೂ ಉಳೀತು. ಓಣಿ ಹೆಣ್ಣುಮಕ್ಕಳಿಗಿ ಎಲ್ಲಾ ಕಾಣಸ್ತಿತ್ತು, ಆದ್ರ ಯಾರೂ ಏನೂ ಅನ್ನಲಿಲ್ಲ. ಕಡೀಗಿ "ಸೇರ್ತು" ಅಂದು ಆಕಿ ಪದ ಎತ್ತಿದಾಗ ನಾ ಸೆರಗಿಲೆ ಕಣ್ಣ ಒರಸಿಕೊಂಡೆ. ಬಾಗಲದಾಗ ನಮ್ಮ ಮನಿಯವರು ನಿಂತಿದ್ರು. ವಾರದಾಗ ಮೊದಲ ಸಲ ಅವರ ಮಾರಿ ಮ್ಯಾಲ ಕಳಿ ಬಂದಿತ್ತು.

ಹಂಗ ಎಷ್ಟು ಅಮಾಸಿ ಹೋದ್ವೋ. ಆ ವರ್ಷಗಳು ನೆನಪಾದ್ರ ಈಗೂ ಮನಸು ತಂಪಾಗ್ತದ. ಊರಿಗಿ ಟೀವಿ ಬಂತು, ಐತವಾರ ಮುಂಜಾನೆ ಎಲ್ಲರೂ ಒಂದ ಮನ್ಯಾಗ ತುಂಬತಿದ್ರು. ಆಳಂದಕ್ಕ ಹೋಗೂ ಬಸ್ಸು ಹೆಚ್ಚಾದ್ವು. ಬಂಡಿಗಿ ರಬ್ಬರ ಗಾಲಿ ಬಂದ್ವು, ಕೀಲೆಣ್ಣಿ ಗೊಟ್ಟ ಅಟ್ಟಕ್ಕ ಹೋಯ್ತು. ಅದನ್ನ ಕಂಡಾಗೊಮ್ಮೆ ನಮ್ಮತ್ತಿ ಮಗನ ಕಡೆ ನೋಡಿ, "ತಂಬೂರಿಗಿ ಬೇಕಾಗ್ತದ, ಒಗೀಬ್ಯಾಡೋ" ಅಂತಿದ್ಲು. ಅವರು ನಗಾಕೂ ಆಗದ ಅಳಾಕೂ ಆಗದ ಹೊರಗ ಹೋಗ್ತಿದ್ರು. ಬ್ಯಾಸಗಿಗಿ ನೀರಿನ ಕ್ವಾಣಿ, ಮಳಿಗಾಲಕ್ಕ ಅಡಗಿಮನಿ, ತಂಬೂರಿ ಬದಲಿ ಆಗೂದು ತಪ್ಪಲಿಲ್ಲ. ಆಕಿ ಹಣಿಗಿ ಹಚ್ಚಿಕೊಂಡು ಉಳಿದ ವಿಭೂತಿ ನನ್ನ ಬೆರಳಿಗಿ ಒರಸ್ತಿದ್ಲು, ನಾ ಬಿರಡಿಗಿ ಒರಸ್ತಿದ್ದೆ.

ನನಗ ಒಂದು ಹೊಸಾದು ತಿಳಿಯಾಕ ಹತ್ತಿತ್ತು. ಯಾರಿಗೂ ಹೇಳಿರ್ಲಿಲ್ಲ, ಹೇಳಿದ್ರ ನಗ್ತಾರ ಅಂತ. ಕಿವಿಗಿ ಇನ್ನೂ ಏನೂ ತಿಳೀತಿರ್ಲಿಲ್ಲ, ಹೆಬ್ಬೆರಳಿಗಿ ತಿಳೀತಿತ್ತು. ನಡುವಿನ ಎರಡು ತಂತಿ ಸೇರದಿದ್ರ ಬಿರಡ್ಯಾಗ ಒಂದು ಸಣ್ಣ ನಡುಕ ಇರ್ತದ, ಜ್ವರ ಬಂದ ಕೂಸಿನ ಮೈ ಅದುರಿದಂಗ. ಸೇರಿದ ಕೂಡ್ಲೆ ಅದು ನಿಂತುಬಿಡ್ತದ. ನಮ್ಮತ್ತಿ ಬೆರಳ ಎತ್ತೂದು, ಅದು ನಿಂದರೂದು ಎರಡೂ ಒಂದ ಗಳಿಗ್ಯಾಗ ಆಗ್ತಿತ್ತು.

ತೊಂಬತ್ತರ ದಶಕದ ನಡು ಬಂತು. ಒಂದಿನ ನನ್ನ ಕೈಯಿಂದ ಪರಾತ ಜಾರಿ ನೆಲಕ್ಕ ಬಿತ್ತು. ಧಡಲ್ ಅಂತು, ಹಿತ್ತಲದಾಗಿನ ಕಾಗಿ ಎಲ್ಲಾ ಎದ್ವು. ನಮ್ಮತ್ತಿ ಅಲ್ಲೇ ಬೆನ್ನ ಮಾಡಿ ಅವರಿ ಸುಲೀತಿದ್ಲು, ತಿರುಗಿ ನೋಡ್ಲಿಲ್ಲ. ಬೈಯಲೂ ಇಲ್ಲ. ಆಕಿ ಬೈಯದಿದ್ದದ್ದು ನೋಡಿ ನನಗ ಅಂಜಿಕಿ ಬಂತು. ಆಮ್ಯಾಲ ಲಕ್ಷ್ಯ ಇಟ್ಟು ನೋಡಿದೆ. ಮಾತಾಡೂವರ ತುಟಿನ ನೋಡ್ತಿದ್ಲು. ಸುಮ್ಮಸುಮ್ಮನ "ಹೂಂ" ಅಂತಿದ್ಲು. ಯಾರಿಗೂ ಹೇಳಿರ್ಲಿಲ್ಲ ಆಕಿ. ಯಾಕ ಹೇಳ್ತಾಳ? ಹೇಳಿದ್ರ ತಂಬೂರಿ ಕೆಳಗ ಇಡಬೇಕಲ್ಲ. ನಾನೂ ಬಾಯಿ ಬಿಡಲಿಲ್ಲ.

ಆ ಅಮಾಸಿ ನನಗ ನಿನ್ನಿದು ಇದ್ದಂಗ ಅದ. ಎಳ್ಳಮಾಸಿ ಅದು, ಹೊಲದಾಗ ಭೂಮಿತಾಯಿಗಿ ಎಡಿ ಮಾಡಿ ಚರಗ ಚೆಲ್ಲಿ ಬಂದು, ಎಲ್ಲರ ಹೊಟ್ಟಿ ತುಂಬಿ ಜಡ ಆಗಿತ್ತು. ಪಡಸಾಲ್ಯಾಗ ದೀಪ ಹಚ್ಚಿತ್ತು. ನಾ ಬಿರಡಿ ಹಿಡದೆ, ಆಕಿ ನನ್ನ ಕೈ ಮ್ಯಾಲ ಕೈ ಇಟ್ಲು. ಗದ್ದ ತಂಬೂರಿ ಕಟ್ಟಿಗಿಗಿ ಒತ್ತಿ, ಕಣ್ಣ ಮುಚ್ಚಿ ಮೀಟಿದ್ಲು. ಮುಂದ ಒತ್ತಿದ್ಲು, ಹಿಂದ ಒತ್ತಿದ್ಲು, ಮತ್ತ ಮುಂದ. ಕಡೀಗಿ ಬೆರಳ ಎತ್ತಿ, "ಸೇರ್ತು" ಅಂದ್ಲು.

ಸೇರಿರ್ಲಿಲ್ಲ. ನನ್ನ ಹೆಬ್ಬೆರಳಾಗ ನಡುಕ ಹಂಗ ಇತ್ತು. ಮುಂದ ಕೂತ ಹೆಣ್ಣುಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿ, ತಲಿ ತಗ್ಗಿಸಿದ್ರು. ಎಲ್ಲರಿಗೂ ತಿಳಿದಿತ್ತು, ಯಾರಿಗೂ ಹೇಳೂ ಮನಸಿಲ್ಲ. ಆಕಿ ಪದ ಎತ್ತಾಕ ಉಸಿರು ತಗೊಂಡ್ಲು. ಹಂಗ ಬಿಟ್ರ ಆಕಿ ಅಪಸ್ವರದ ಮ್ಯಾಲ ಹಾಡ್ತಿದ್ಲು, ಮಂ‌ದಿ ಮನಿಗಿ ಹೋಗೂ ದಾರ್ಯಾಗ ಪಾಪ ಅಂತಿದ್ರು. ನಮ್ಮತ್ತಿಗಿ ಪಾಪ ಅನ್ನೂದನ್ನ ನಾ ಕೇಳಬೇಕಾ? ಬಿರಡಿ ಬಿಡಲಿಲ್ಲ ನಾ. ಆಕಿ ಕಿವಿ ಹತ್ರ ಬಾಯಿ ಒಯ್ದು ಗಟ್ಟಿಯಾಗಿ, "ಇಲ್ರಿ ಅತ್ತಿ. ಸೇರಿಲ್ಲ," ಅಂದೆ.

ತಾಳ ಹಿಡಿದ ಕೈ ಎಲ್ಲಾ ನಿಂತ್ವು. ನಮ್ಮತ್ತಿ ಕಣ್ಣ ತೆಗೆದು ನನ್ನ ನೋಡಿದ್ಲು. ನಾ ಒಳಗ ಒತ್ತಿ, ಕೂದಲೆಳಿಯಷ್ಟು ತಿರುವಿದೆ. ಮೀಟ್ರಿ ಅಂತ ಕಣ್ಣಲೆ ಹೇಳಿದೆ. ಮೀಟಿದ್ಲು. ಇನ್ನ ತುಸು ತಿರುವಿದೆ. ನಡುಕ ನಿಂತಿತು.

"ಈಗ?" ಅಂದ್ಲು.

"ಸೇರ್ತ್ರಿ," ಅಂದೆ. ಆ ಮಾತು ನನ್ನ ಬಾಯಾಗ ಮೊದಲ ಸಲ ಬಂದಿತ್ತು. ಮುಂದಿನ ಸಾಲಿನ ಮುದುಕಿಯೊಬ್ಬಳು ಹೌದು ಅಂತ ತಲಿ ಹಾಕಿದ್ಲು.

ನಮ್ಮತ್ತಿ ನನ್ನ ಕೈ ಮ್ಯಾಲಿಂದ ತನ್ನ ಕೈ ತೆಗೆದ್ಲು. ಮುಗೀತು, ಕೌದಿ ಕೇಳ್ತಾಳ ಅಂದ್ಕೊಂಡೆ. ಆಕಿ ತಂಬೂರಿನ ಮೆಲ್ಲಕ ಎತ್ತಿ ನನ್ನ ಭುಜಕ್ಕ ಆನಿಸಿದ್ಲು. "ಸೇರಿಸಿದಾಕಿ ನೀನು," ಅಂದ್ಲು. "ಪದ ನೀನ ಎತ್ತಬೇಕು."

"ಹುಚ್ಚ ಹಿಡದದೇನ್ರಿ ನಿಮಗ? ನನ್ನ ದನಿ ಕೇಳಿದ್ರ ಕರಾ ಹಗ್ಗ ಹರಕೊಂತಾವ!"

"ನನಗೆಲ್ಲಿ ಕೇಳ್ತದ?" ಅಂದ್ಲು ಎಲ್ಲರ ಮುಂದ, ಮೊದಲ ಸಲ, ಬಾಯಿಬಿಟ್ಟು. "ಹಾಡ ಬೇ."

ಹಾಡಿದೆ. ಏನ್ ಮಾಡ್ಲಿ? ವರ್ಷಗಟ್ಟಲೆ ಚಹಾ ಕಾಸಿಕೋತ ಕೇಳಿದ ಪದ, ಮಾತು ಎಲ್ಲಾ ಬಾಯಿಪಾಠ ಇದ್ವು. ದನಿ ಎಲ್ಲೆಲ್ಲೋ ಓಡ್ತು. ಹಿಂದ ಕೂತವರು ಸೆರಗು ಬಾಯಿಗಿ ಇಟಗೊಂಡ್ರು. ನಮ್ಮತ್ತಿ ಬಾತ ಕೈ ಎರಡೂ ತಂಬೂರಿ ಬುರುಡಿ ಮ್ಯಾಲ ಚಾಚಿ ಇಟ್ಟು, ನನ್ನ ತುಟಿ ನೋಡ್ಕೋತ ಕೂತಿದ್ಲು. ಮೊದಲ ಸಾಲು ಮುಗೀತಿದ್ದಂಗ ಎರಡನೇ ಸಾಲು ಆಕಿ ಹಿಡದ್ಲು. ನೆಟ್ಟಗ, ಎಲ್ಲಿ ಇರಬೇಕೋ ಅಲ್ಲೇ ಬಂತು ದನಿ. ಆಮ್ಯಾಲ ಯಾರೂ ನಗ್ಲಿಲ್ಲ.

ಮಂದಿ ಎದ್ದು ಹೋದ್ರು. ನಾ ಬಿರಡಿ ಸಡ್ಲ ಮಾಡಿ, ಒರಸಿ, ತಂಬೂರಿ ಮಲಗಿಸಾಕ ಹತ್ತಿದ್ದೆ. ನಮ್ಮತ್ತಿ ಚಾಪಿ ಮ್ಯಾಲ ಕಾಲ ಚಾಚಿ ಕೂತು ನನ್ನ ಕೈನ ನೋಡ್ತಿದ್ಲು. ಆಮ್ಯಾಲ ತನಗ ತಾನ ಅಂದಂಗ ಅಂದ್ಲು. ಕಿವಿ ಕೇಳದವರಿಗಿ ತಮ್ಮ ದನಿ ಎಷ್ಟು ಜೋರದ ಅನ್ನೂದು ತಿಳಿಯಂಗಿಲ್ಲ, ಅಡಗಿಮನ್ಯಾಗ ಇದ್ದ ನಮ್ಮ ಮನಿಯವರಿಗೂ ಕೇಳ್ತು.

"ನಮ್ಮಪ್ಪಗೂ ಒಬ್ಬಾಕಿ ಸೊಸಿ ಇರಬೇಕಿತ್ತು."